ತಿಥಿ ಅಂದರೆ ಬರೀ ದಿನ

ಬ್ಯಾಂಕ್ ನೇಮಕಾತಿಯ ಹಿಂದಿ ಜಾಹೀರಾತು ಓದುವ ಕನ್ನಡಿಗರು ಒಂದು ಕಡೆ ತಡೆದು ನಿಲ್ಲುತ್ತಾರೆ. ಅರ್ಜಿ ಹಾಕಲು ಕೊನೆಯ ದಿನಾಂಕ ಎನ್ನುವುದಕ್ಕೆ ಅಲ್ಲಿ ‘ಅಂತಿಮ ತಿಥಿ’ ಎಂದು ಬರೆದಿರುತ್ತದೆ. ಹುಟ್ಟಿದ ದಿನಾಂಕ ತುಂಬುವ ಜಾಗಕ್ಕೆ ‘ಜನ್ಮತಿಥಿ’ ಎಂದು ಹೆಸರು. ಹಿಂದಿಯವರಿಗೆ ತಿಥಿ ಅಂದರೆ ತಾರೀಖು, ಅಷ್ಟೇ. ಬಂಗಾಳದಲ್ಲಂತೂ ಹೆಣ್ಣುಮಗುವಿಗೆ ತಿಥಿ ಎಂದು ಪ್ರೀತಿಯಿಂದ ಹೆಸರಿಡುತ್ತಾರೆ. ಮಂಡ್ಯದ ಮನೆಯೊಂದರಲ್ಲಿ ತೊಟ್ಟಿಲ ಮಗುವಿನ ಕಿವಿಯಲ್ಲಿ ಆ ಹೆಸರನ್ನು ಹೇಳಲು ಯಾವ ಸೋದರತ್ತೆಯೂ ಒಪ್ಪಲಾರಳು.

ಕನ್ನಡದಲ್ಲಿ ಈ ಮಾತು ಸತ್ತವರದ್ದಾಗಿಬಿಟ್ಟಿದೆ. “ನಾಳೆ ಬರಕ್ಕಾಗಲ್ಲ, ಅಪ್ಪನ ತಿಥಿ ಇದೆ” ಎಂದರೆ ಯಾವ ಕಚೇರಿಯಲ್ಲೂ ಎರಡನೇ ಪ್ರಶ್ನೆ ಏಳುವುದಿಲ್ಲ. ವರ್ಷಕ್ಕೊಮ್ಮೆ ಮಾಡುವ ಶ್ರಾದ್ಧ ಕೆಲವರಿಗೆ ತಿಥಿ. ಹಳೇ ಮೈಸೂರು ಕಡೆಯ ಊರುಗಳಲ್ಲಿ ಸಾವಾದ ಹನ್ನೊಂದನೇ ದಿನದ ಕಾರ್ಯವೇ ತಿಥಿ. ಮೂರನೇ ದಿನ ಗುಂಡಿಯ ಮೇಲೆ ಹಾಲುತುಪ್ಪ ಬಿಡುತ್ತಾರೆ, ಆಮೇಲೆ ತಿಥಿ ಕಾರ್ಡು ಅಚ್ಚಾಗುತ್ತದೆ, ನೆಂಟರಿಷ್ಟರಿಗೆಲ್ಲ ಹೇಳಿಕಳಿಸುತ್ತಾರೆ, ಊರಿಗೆ ಊರೇ ಸೇರಿ ಊಟ ಮಾಡುತ್ತದೆ. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದ ರಾಮ್ ರೆಡ್ಡಿ ಅವರ ಸಿನಿಮಾಕ್ಕೆ ಈ ಹನ್ನೊಂದು ದಿನಗಳೇ ಕಥೆ. ನೂರಾ ಒಂದು ವರ್ಷದ ಸೆಂಚುರಿ ಗೌಡ ಸಾಯುತ್ತಾನೆ, ಮಗ, ಮೊಮ್ಮಗ, ಮರಿಮಗ ಅವನ ಕಾರ್ಯದ ದಿನದತ್ತ ತಂತಮ್ಮ ದಾರಿ ಹಿಡಿದು ಸಾಗುತ್ತಾರೆ. ಮಂಡ್ಯ ಸೀಮೆಯ ಹಳ್ಳಿಯ ಜನರೇ ನಟಿಸಿದ ಆ ಚಿತ್ರ ಹೊರದೇಶಗಳಿಗೆ ಹೋದಾಗಲೂ ‘ತಿಥಿ’ ಎಂಬ ಹೆಸರನ್ನು ಬದಲಿಸಿಕೊಳ್ಳಲಿಲ್ಲ.

ಬೈಗುಳಕ್ಕೂ ಇದು ಒದಗುತ್ತದೆ. “ನಿನ್ನ ತಿಥಿ ಮಾಡ” ಎಂದು ಬೈದವರು ಮುಂದಿನ ಗಳಿಗೆಗೆ ಅದೇ ಮನುಷ್ಯನೊಂದಿಗೆ ಕಾಫಿ ಕುಡಿಯುತ್ತಿರುತ್ತಾರೆ. ಆದರೆ ಈ ಪದ ನಿಜವಾಗಿ ಭಾರವಾಗುವುದು ಬೈಗುಳದಲ್ಲಲ್ಲ. ಮಕ್ಕಳಿಲ್ಲದ ಹಿರಿಯರು, ಮಕ್ಕಳನ್ನು ಕಳೆದುಕೊಂಡ ಹಿರಿಯರು, ಜಗಲಿ ಮೇಲೆ ಕೂತು “ನನ್ನ ತಿಥಿ ಮಾಡೋರು ಯಾರಪ್ಪ?” ಎನ್ನುವಾಗ. ಆ ಪ್ರಶ್ನೆಯಲ್ಲಿ ಪಿಂಡ, ಎಳ್ಳು, ದರ್ಭೆಗಳ ಚಿಂತೆ ಕಡಿಮೆ. ನಾನು ಹೋದ ದಿನವನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ ಎಂಬ ಚಿಂತೆಯೇ ಹೆಚ್ಚು.

ತಿಥಿಯ ಮೂಲ ಅರ್ಥಕ್ಕೆ ಸಾವಿನ ಸೋಂಕಿಲ್ಲ. ಆಕಾಶದಲ್ಲಿ ಸೂರ್ಯನಿಂದ ಚಂದ್ರ 12 ಡಿಗ್ರಿ ದೂರ ಸರಿದರೆ ಒಂದು ತಿಥಿ ಮುಗಿಯಿತು. ಸುತ್ತಿನ 360 ಡಿಗ್ರಿಗೆ ಮೂವತ್ತು ತಿಥಿ, ಒಂದು ಚಾಂದ್ರಮಾಸ. ಪಾಡ್ಯ, ಬಿದಿಗೆ, ತದಿಗೆ, ಚೌತಿ ಎಂದು ಎಣಿಸಿಕೊಂಡು ಹುಣ್ಣಿಮೆಗೆ ಹೋಗಿ, ಮತ್ತೆ ಪಾಡ್ಯದಿಂದ ಹಿಡಿದು ಅಮಾವಾಸ್ಯೆಗೆ ಬರುತ್ತೇವೆ. ಚಂದ್ರ ಒಂದೇ ವೇಗದಲ್ಲಿ ಓಡುವವನಲ್ಲ. ಹಾಗಾಗಿ ಒಂದು ತಿಥಿ 20 ಗಂಟೆಗೇ ಮುಗಿಯಬಹುದು, 26 ಗಂಟೆಗೂ ಎಳೆಯಬಹುದು. ಬೆಳಿಗ್ಗೆ ಒಂದು ತಿಥಿ, ಮಧ್ಯಾಹ್ನದ ಹೊತ್ತಿಗೆ ಇನ್ನೊಂದು ಇರುವುದು ಇದರಿಂದಲೇ. ಹಬ್ಬಗಳಿಗೆ ಸಾಮಾನ್ಯವಾಗಿ ಸೂರ್ಯೋದಯದ ಹೊತ್ತಿನ ತಿಥಿ ನೋಡಿದರೆ, ಶ್ರಾದ್ಧಕ್ಕೆ ಅಪರಾಹ್ನದ ತಿಥಿ ನೋಡುತ್ತಾರೆ. ಪಂಚಾಂಗದ ಪುಟದ ಅಂಚಿನಲ್ಲಿ ‘ಶ್ರಾದ್ಧ ತಿಥಿ’ ಎಂದು ಬೇರೆಯಾಗಿ ಅಚ್ಚು ಹಾಕುವುದು ಈ ಕಾರಣಕ್ಕೆ.

ಪುರೋಹಿತರ ಸಂಕಲ್ಪದಲ್ಲಿ ಈ ಪದ ಇನ್ನೂ ತನ್ನ ಹಳೆಯ ಅಗಲವನ್ನು ಉಳಿಸಿಕೊಂಡಿದೆ. ಮದುವೆ, ಗೃಹಪ್ರವೇಶಗಳಲ್ಲಿ ‘ಶುಭತಿಥೌ’ ಎನ್ನುತ್ತಾರೆ. ಪಿತೃಕಾರ್ಯದಲ್ಲಿ ‘ಪುಣ್ಯತಿಥೌ’ ಎನ್ನುತ್ತಾರೆ. ಶುಭ ಹೋಗಿ ಪುಣ್ಯ ಬಂದರೆ ಸಾಕು, ಕಾರ್ಯ ಯಾವುದೆಂದು ಕೇಳುವವರಿಗೆ ತಿಳಿಯುತ್ತದೆ. ಪತ್ರಿಕೆಯ ಒಳಪುಟದ ಫೋಟೊಗಳ ಕೆಳಗೆ ಕಾಣುವ ‘ಪುಣ್ಯತಿಥಿ’ಯೂ ಅದೇ ಮಾತು. ಮದುವೆ ಕರೆಯೋಲೆಯಲ್ಲಿ ಮಾತ್ರ ಸಂವತ್ಸರ, ಮಾಸ, ಪಕ್ಷ ಎಲ್ಲ ಹೇಳಿ ‘ಪಂಚಮಿಯಂದು’ ಎಂದು ಮುಗಿಸುತ್ತಾರೆ. ತಿಥಿಯ ಹೆಸರು ಬೇಕು, ತಿಥಿ ಎಂಬ ಪದ ಬೇಡ.

ನಮ್ಮ ಶಾಸನಗಳಿಗೆ ಈ ಹಿಂಜರಿಕೆ ಇರಲಿಲ್ಲ. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ರಾಷ್ಟ್ರಕೂಟ ವಂಶದ ಕೊನೆಯ ಕುಡಿ ನಾಲ್ಕನೇ ಇಂದ್ರನ ಶಾಸನವಿದೆ. ರಾಜ್ಯವೆಲ್ಲ ಕೈಬಿಟ್ಟ ಮೇಲೆ ಆತ ಅಲ್ಲಿಗೆ ಬಂದು ಸಲ್ಲೇಖನ ವ್ರತ ಹಿಡಿದು ದೇಹ ಬಿಟ್ಟ. ಆ ದಿನವನ್ನು ಕಲ್ಲಿನಲ್ಲಿ ಬರೆದಿದ್ದಾರೆ: ಶಕ ವರ್ಷ 904, ಚಿತ್ರಭಾನು ಸಂವತ್ಸರ, ಚೈತ್ರ ಬಹುಳ ಅಷ್ಟಮಿ, ಸೋಮವಾರ. ಇಂದಿನ ಲೆಕ್ಕಕ್ಕೆ 982ರ ಮಾರ್ಚ್ 20. ಲೆಕ್ಕ ಹಾಕಿ ನೋಡಿದರೆ ಚಂದ್ರನೂ ಸರಿಯಾಗಿ ಕೃಷ್ಣಪಕ್ಷದ ಎಂಟರಲ್ಲಿದ್ದಾನೆ, ವಾರವೂ ಸೋಮವಾರವೇ. ಸಾಮ್ರಾಜ್ಯ ಹೋಯಿತು, ರಾಜಧಾನಿ ಮಾನ್ಯಖೇಟ ಹೋಯಿತು, ಒಬ್ಬ ಮನುಷ್ಯ ಕಣ್ಣುಮುಚ್ಚಿದ ತಿಥಿ ಸಾವಿರ ವರ್ಷ ದಾಟಿ ನಮ್ಮ ಕೈಗೆ ಬಂತು. ಕಲ್ಲು ಕಡಿದವರಿಗೆ ತಿಥಿ ಎಷ್ಟು ಮುಖ್ಯವಾಗಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಇಷ್ಟು ವಿಶಾಲವಾದ ಪದ ಹೇಗೆ ಸಾವಿನ ಮನೆಗೆ ಬಂದು ನೆಲೆಸಿತು? ನನಗೆ ತೋರುವ ಕಾರಣ ಇದು. ಸಂಬಳ, ಪರೀಕ್ಷೆ, ಕೋರ್ಟಿನ ವಾಯಿದೆ ಎಲ್ಲ ತಾರೀಖಿಗೆ ಹೋದವು. ಚಂದ್ರನ ಲೆಕ್ಕದಲ್ಲಿ ಉಳಿದದ್ದು ಹಬ್ಬಗಳು ಮತ್ತು ಸತ್ತವರು. ಹಬ್ಬಕ್ಕೆ ತನ್ನದೇ ಹೆಸರಿದೆ: ಗಣೇಶನ ಚೌತಿ, ನಾಗರ ಪಂಚಮಿ, ವೈಕುಂಠ ಏಕಾದಶಿ. ಒಂದು ಮನೆಗೆ ಮಾತ್ರ ಸೇರಿದ, ಊರಿಗೆ ರಜೆಯಿಲ್ಲದ, ಕ್ಯಾಲೆಂಡರಿನಲ್ಲಿ ಕೆಂಪಕ್ಷರವಿಲ್ಲದ ಆ ದಿನಕ್ಕೆ ಯಾವ ಹೆಸರೂ ಇರಲಿಲ್ಲ. ಬರೀ ‘ತಿಥಿ’ ಎಂದರೆ ಮನೆಯವರಿಗೆಲ್ಲ ಗೊತ್ತಾಗುತ್ತಿತ್ತು. ಬೇರೆ ಹೆಸರೇ ಬೇಕಾಗಲಿಲ್ಲ.

ನಮ್ಮ ನೆರೆಯವರೂ ಇದೇ ದಾರಿ ಹಿಡಿದಿದ್ದಾರೆ. ತೆಲುಗಿನವರು ಶ್ರಾದ್ಧಕ್ಕೆ ‘ತದ್ದಿನಂ’ ಎನ್ನುತ್ತಾರೆ. ತತ್ ದಿನ, ಅಂದರೆ ‘ಆ ದಿನ’. ಯಾವ ದಿನ ಎಂದು ಬಿಡಿಸಿ ಹೇಳುವ ಅಗತ್ಯವೇ ಅವರಿಗೆ ಬೀಳಲಿಲ್ಲ. ತಮಿಳರು ‘ದಿವಸಂ’ ಎನ್ನುತ್ತಾರೆ. ನಮ್ಮಲ್ಲೂ ಹಲವೆಡೆ ‘ದಿವಸ’ ಎನ್ನುತ್ತಾರೆ, ‘ದಿನ ಮಾಡುವುದು’ ಎನ್ನುತ್ತಾರೆ. ಜಪಾನಿನಲ್ಲಿ ಒಬ್ಬರು ತೀರಿಕೊಂಡ ದಿನವನ್ನು ‘ಮೆಯ್‌ನಿಚಿ’ ಎಂದು ಕರೆಯುತ್ತಾರೆ. ಬರೆಯುವ ಎರಡು ಅಕ್ಷರಗಳನ್ನು ಬಿಡಿಸಿದರೆ ಸಿಗುವುದು ಪ್ರಾಣ ಮತ್ತು ದಿನ. ಯುರೋಪಿನ ಯೆಹೂದಿಗಳ ಯಿದ್ದಿಷ್ ಭಾಷೆಯಲ್ಲಿ ‘ಯಾರ್‌ಟ್ಸೈಟ್’. ಅದರ ಬಿಡಿ ಅರ್ಥ ವರ್ಷದ ಕಾಲ, ಅಷ್ಟೇ. ಒಬ್ಬರ ಬಾಯಿಯಿಂದ ಇನ್ನೊಬ್ಬರು ಕೇಳಿ ಕಲಿತದ್ದಲ್ಲ ಇದು. ದೂರದೂರದ ಜನ, ಬೇರೆ ಬೇರೆ ದೇವರು, ಬೇರೆ ಬೇರೆ ಸ್ವರ್ಗ. ಆದರೂ ಸಾವಿನ ನೆನಪಿಗೆ ಹೆಸರಿಡುವಾಗ ಎಲ್ಲರ ಕೈಗೂ ಸಿಕ್ಕಿದ್ದು ದಿನ, ವರ್ಷ, ಕಾಲ ಎಂಬ ದಿನಬಳಕೆಯ ಮಾತುಗಳು. ಸತ್ತವರು ಎಲ್ಲಿ ಹೋದರು ಎಂಬುದರಲ್ಲಿ ಒಮ್ಮತವಿಲ್ಲ, ಯಾವಾಗ ಹೋದರು ಎಂಬುದೊಂದೇ ಎಲ್ಲರಿಗೂ ಖಚಿತ. ಆ ಖಚಿತವನ್ನು ಮನುಷ್ಯರು ಬಿಗಿಯಾಗಿ ಹಿಡಿದುಕೊಂಡಿದ್ದಾರೆ.

ದಿನದ ಜಾಗದಲ್ಲಿ ಬರೀ ಸಂಖ್ಯೆಯನ್ನೇ ಹೆಸರಾಗಿಸಿಕೊಂಡವರೂ ಇದ್ದಾರೆ. ನಮ್ಮ ಮುಸ್ಲಿಮರ ಮನೆಗಳ ‘ಚೆಹಲಮ್’ ಎಂದರೆ ನಲವತ್ತನೆಯದು. ರಷ್ಯಾದ ಕ್ರೈಸ್ತರ ‘ಸೊರೊಕೊವಿನಿ’ಯೂ ನಲವತ್ತು ಎಂಬ ಮಾತಿನಿಂದಲೇ ಹುಟ್ಟಿದ್ದು. ಫಿಲಿಪೀನ್ಸಿನ ಕ್ರೈಸ್ತರು ಸಾವಾದ ಮನೆಯಲ್ಲಿ ಒಂಬತ್ತು ದಿನ ಪ್ರಾರ್ಥನೆ ಮಾಡಿ ಅದನ್ನು ‘ಪಾಸಿಯಾಮ್’ ಎನ್ನುತ್ತಾರೆ, ‘ಸಿಯಾಮ್’ ಅಂದರೆ ಒಂಬತ್ತು. “ಬರೋ ಸೋಮವಾರಕ್ಕೆ ಹನ್ನೊಂದು” ಎನ್ನುವ ನಮ್ಮ ಹಳ್ಳಿಯವರಿಗೆ ಇದನ್ನೆಲ್ಲ ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಯೆಹೂದಿಗಳ ಯಾರ್‌ಟ್ಸೈಟ್ ನಮ್ಮ ತಿಥಿಗೆ ತೀರ ಹತ್ತಿರದ್ದು. ಅದನ್ನೂ ಚಂದ್ರನ ಮಾಸದ ಲೆಕ್ಕದಲ್ಲೇ ಆಚರಿಸುತ್ತಾರೆ. ಹಿಂದಿನ ಸಂಜೆ ಸೂರ್ಯ ಮುಳುಗುವಾಗ ಒಂದು ದೀಪ ಹಚ್ಚಿದರೆ ಅದು ಮರುದಿನ ಸಂಜೆಯವರೆಗೆ ಉರಿಯಬೇಕು. ಮಕ್ಕಳು ಸಿನಗಾಗ್‌ಗೆ ಹೋಗಿ ಹತ್ತು ಜನರ ಕೂಟದಲ್ಲಿ ‘ಕದ್ದಿಷ್’ ಪ್ರಾರ್ಥನೆ ಹೇಳುತ್ತಾರೆ. ಆ ಪ್ರಾರ್ಥನೆಯಲ್ಲಿ ಸಾವಿನ ಮಾತೇ ಬರುವುದಿಲ್ಲ, ಇಡೀ ದೇವರ ಸ್ತುತಿ. ಅವರ ಪಂಚಾಂಗಕ್ಕೂ ಅಧಿಕಮಾಸವಿದೆ. ನಮ್ಮಂತೆಯೇ ಹತ್ತೊಂಬತ್ತು ವರ್ಷಕ್ಕೆ ಏಳು ಸಲ ಬರುತ್ತದೆ, ಆಗ ಅದಾರ್ ಮಾಸ ಎರಡಾಗುತ್ತದೆ. ಸಾಧಾರಣ ವರ್ಷದ ಅದಾರ್‌ನಲ್ಲಿ ತೀರಿಕೊಂಡವರ ದಿನವನ್ನು ಎರಡು ಅದಾರ್ ಇರುವ ವರ್ಷದಲ್ಲಿ ಯಾವುದರಲ್ಲಿ ಮಾಡಬೇಕು? ಸೆಫಾರ್ಡಿ ಯೆಹೂದಿಗಳು ಎರಡನೆಯದರಲ್ಲಿ ಎನ್ನುತ್ತಾರೆ. ಅಶ್ಕೆನಾಜಿಗಳು ಮೊದಲನೆಯದರಲ್ಲಿ ಎನ್ನುತ್ತಾರೆ. ಇವೆಲ್ಲ ಯಾಕೆ ಎಂದು ಎರಡರಲ್ಲೂ ಮಾಡುವವರಿದ್ದಾರೆ. ಅಧಿಕ ಶ್ರಾವಣ, ನಿಜ ಶ್ರಾವಣ ಎಂದು ಪಂಚಾಂಗ ಹಿಡಿದು ಕೂತು, ನಿಜದಲ್ಲಿ ಮಾಡೋಣವೇ, ಎರಡರಲ್ಲೂ ಮಾಡೋಣವೇ ಎಂದು ಪುರೋಹಿತರನ್ನು ಕೇಳುವ ನಮ್ಮ ಮನೆಯವರು ಆ ಚರ್ಚೆಯಲ್ಲಿ ಕೂತರೆ ಅಪರಿಚಿತರಾಗುವುದಿಲ್ಲ. ಹೊರಗಿನವರಿಗೆ ಇದು ಕೂದಲು ಸೀಳುವ ವಾದವೆನಿಸಬಹುದು. ನನಗೆ ಇದರಲ್ಲಿ ಕಾಣುವುದು ಪ್ರೀತಿ. ಅಮ್ಮನ ದಿನ ತಪ್ಪಬಾರದು ಎಂಬ ಕಾಳಜಿಯಿಲ್ಲದೆ ಯಾರೂ ಇಷ್ಟು ಲೆಕ್ಕ ಹಾಕುವುದಿಲ್ಲ.

ಸಾವಿನ ದಿನ ಶೋಕದ ದಿನವೇ ಆಗಬೇಕೆಂದೇನಿಲ್ಲ. ಕಲಬುರಗಿಯ ಖ್ವಾಜಾ ಬಂದೇ ನವಾಜ್ ಗೇಸುದರಾಜರು 1422ರಲ್ಲಿ ತೀರಿಕೊಂಡರು. ಇಸ್ಲಾಮಿ ಪಂಚಾಂಗದ ಜಿಲ್‌ಕಾದ್ ತಿಂಗಳಲ್ಲಿ ಅವರ ಉರುಸು ನಡೆಯುತ್ತದೆ. ಗಂಧದ ಮೆರವಣಿಗೆ ದರ್ಗಾಕ್ಕೆ ಬರುತ್ತದೆ, ಎಲ್ಲ ಜಾತಿಮತದವರೂ ಸೇರುತ್ತಾರೆ. ಉರುಸು ಎಂಬ ಅರಬ್ಬಿ ಪದದ ಅರ್ಥ ಮದುವೆ. ಸಂತ ತನ್ನ ಪ್ರಿಯನಾದ ದೇವರನ್ನು ಸೇರಿದ ದಿನ ಅದು. ಇಸ್ಲಾಮಿ ಪಂಚಾಂಗಕ್ಕೆ ಅಧಿಕಮಾಸವಿಲ್ಲದ್ದರಿಂದ ಉರುಸು ವರ್ಷಕ್ಕೆ ಹನ್ನೊಂದು ದಿನದಂತೆ ಹಿಂದಕ್ಕೆ ಸರಿಯುತ್ತದೆ, ಒಂದು ಕಾಲಕ್ಕೆ ಬಿರುಬೇಸಿಗೆಗೆ, ಇನ್ನೊಂದು ಕಾಲಕ್ಕೆ ಮಳೆಗಾಲಕ್ಕೆ. ಮಂತ್ರಾಲಯದಲ್ಲಿ ರಾಘವೇಂದ್ರ ಸ್ವಾಮಿಗಳು 1671ರ ಶ್ರಾವಣ ಬಹುಳ ಬಿದಿಗೆಯಂದು ವೃಂದಾವನ ಪ್ರವೇಶಿಸಿದರು. ಆ ದಿನದ ಹಿಂದುಮುಂದಿನ ದಿನಗಳೂ ಸೇರಿ ಪೂರ್ವಾರಾಧನೆ, ಮಧ್ಯಾರಾಧನೆ, ಉತ್ತರಾರಾಧನೆ. ಪುರಂದರದಾಸರ ಆರಾಧನೆ ಪುಷ್ಯ ಅಮಾವಾಸ್ಯೆಗೆ, ತ್ಯಾಗರಾಜರದು ಪುಷ್ಯ ಬಹುಳ ಪಂಚಮಿಗೆ ತಿರುವೈಯಾರಿನಲ್ಲಿ. ಮನೆಯೊಳಗಿನ ತಿಥಿ ಹೊರಗೆ ಬಂದು ಊರಿನದಾದಾಗ ಆರಾಧನೆಯಾಗುತ್ತದೆ, ಉರುಸಾಗುತ್ತದೆ, ಹಾಡಾಗುತ್ತದೆ.

ಹಾಗಾದರೆ ಯಾವ ದಿನ ಸತ್ತರೆಂದೇ ಗೊತ್ತಿಲ್ಲದವರ ಗತಿಯೇನು? ಕಾಡಿಗೆ ಹೋಗಿ ಬಾರದವರು, ಯುದ್ಧದಲ್ಲಿ ಕಳೆದುಹೋದವರು, ಪ್ಲೇಗಿನ ಕಾಲದಲ್ಲಿ ಊರು ಬಿಟ್ಟು ಓಡುವಾಗ ದಾರಿಯಲ್ಲಿ ಉಳಿದವರು. ನಮ್ಮ ಹಿರಿಯರು ಅವರನ್ನು ಮರೆಯಲಿಲ್ಲ. ಭಾದ್ರಪದ ಕೃಷ್ಣಪಕ್ಷದ ಒಂದೊಂದು ತಿಥಿಯನ್ನೂ ಹಂಚಿಟ್ಟರು. ಮುತ್ತೈದೆಯಾಗಿ ಹೋದವರಿಗೆ ಅವಿಧವಾ ನವಮಿ. ಆಯುಧದಿಂದ, ಅಪಘಾತದಿಂದ ಸತ್ತವರಿಗೆ ಚತುರ್ದಶಿ. ತಿಥಿಯೇ ತಿಳಿಯದವರಿಗೆ, ಯಾರ ಪಟ್ಟಿಯಲ್ಲೂ ಇಲ್ಲದವರಿಗೆ ಮಹಾಲಯ ಅಮಾವಾಸ್ಯೆ. ಹಳೇ ಮೈಸೂರಿನ ಮನೆಗಳಲ್ಲಿ ಆ ಹೊತ್ತಿಗೆ ಹಿರಿಯರಿಗೆ ಎಡೆ ಇಡುವುದನ್ನು ಹತ್ತಿರದಿಂದ ನೋಡಬೇಕು. ಗೋಡೆಗೆ ಹೊಸ ಸೀರೆ, ಹೊಸ ಪಂಚೆ ಒರಗಿರುತ್ತವೆ. ಬಾಳೆಲೆಯ ಮೇಲೆ ಮುದ್ದೆ, ಬಾಡಿನ ಸಾರು, ವಡೆ, ಕಜ್ಜಾಯ. ಎಲೆಯ ಅಂಚಿಗೆ ಅಜ್ಜ ಸೇದುತ್ತಿದ್ದ ಬೀಡಿಯ ಕಟ್ಟು, ಅಜ್ಜಿ ಮೆಲ್ಲುತ್ತಿದ್ದ ಎಲೆಅಡಿಕೆ, ಹೊಗೆಸೊಪ್ಪು. ಕುಡಿಯುತ್ತಿದ್ದವರಾದರೆ ಒಂದು ಲೋಟದಲ್ಲಿ ಅದೂ ಇರುತ್ತದೆ. ಧೂಪ ಹಾಕಿ ಬಾಗಿಲು ಮುಂದೆ ಮಾಡಿ ಸ್ವಲ್ಪ ಹೊತ್ತು ಎಲ್ಲರೂ ಹೊರಗೆ ನಿಲ್ಲುತ್ತಾರೆ. ಅವರು ಬದುಕಿದ್ದಾಗ ಹೇಗಿದ್ದರೋ ಹಾಗೆಯೇ ಅವರನ್ನು ಕರೆಯುತ್ತಾರೆ, ತಿದ್ದಿ ತೀಡಿ ಅಲ್ಲ.

ತಿಥಿ ಇಲ್ಲದವರಿಗೊಂದು ತಿಥಿ ಎಂಬ ಈ ವಿಚಾರ ಮತ್ತೆ ಮತ್ತೆ ಹುಟ್ಟಿದೆ. ಸಾವಿರ ವರ್ಷದ ಹಿಂದೆ ಫ್ರಾನ್ಸಿನ ಕ್ಲೂನಿ ಮಠದ ಓಡಿಲೋ ತನ್ನ ಮಠಗಳಲ್ಲಿ ನವೆಂಬರ್ 2ನ್ನು ಎಲ್ಲ ಮೃತರಿಗಾಗಿ ಪ್ರಾರ್ಥಿಸುವ ದಿನವೆಂದು ಗೊತ್ತು ಮಾಡಿದ. ಮಂಗಳೂರಿನ ಕಥೋಲಿಕರು ಇಂದಿಗೂ ಆ ದಿನ ಗೋರಿಗಳಿಗೆ ಹೂವಿಟ್ಟು ಮೊಂಬತ್ತಿ ಹಚ್ಚುತ್ತಾರೆ. ನಾಜಿಗಳು ಕೊಂದ ಲಕ್ಷಾಂತರ ಯೆಹೂದಿಗಳ ಸಾವಿನ ದಿನ ಯಾರಿಗೂ ಗೊತ್ತಿರಲಿಲ್ಲ. ಮಗನಿಗೆ ಯಾವ ಸಂಜೆ ದೀಪ ಹಚ್ಚಬೇಕೆಂಬುದೇ ತಿಳಿಯದು. ಇಸ್ರೇಲ್ ಹುಟ್ಟಿದ ಕೆಲವೇ ವರ್ಷಗಳಲ್ಲಿ ಅಲ್ಲಿನ ಮುಖ್ಯ ರಬ್ಬಿಗಳು ತೆವೆತ್ ಮಾಸದ ಹತ್ತನೇ ದಿನವನ್ನು ಅವರೆಲ್ಲರಿಗಾಗಿ ಕದ್ದಿಷ್ ಹೇಳುವ ದಿನವಾಗಿ ಗೊತ್ತುಪಡಿಸಿದರು. ಜೆರುಸಲೇಮಿಗೆ ಹಿಂದೆ ಬಾಬಿಲೋನಿಯದ ಮುತ್ತಿಗೆ ಬಿದ್ದ ನೆನಪಿಗೆ ಅದು ಮೊದಲಿನಿಂದಲೂ ಉಪವಾಸದ ದಿನ. ಹಳೆಯ ದುಃಖದ ದಿನದಲ್ಲೇ ಹೊಸ ದುಃಖಕ್ಕೂ ಜಾಗ ಮಾಡಿಕೊಟ್ಟರು.

ನಮಗೂ ಅಂಥ ಒಂದು ಕಾಲ ಬಂತು. 2021ರ ಕೋವಿಡ್ ಎರಡನೇ ಅಲೆಯಲ್ಲಿ ಬೆಂಗಳೂರಿನ ಚಿತಾಗಾರಗಳಲ್ಲಿ ಯಾರೂ ಬಂದು ಕೇಳದ ಅಸ್ಥಿಯ ಮಡಕೆಗಳು ಉಳಿದವು. ಬರಬೇಕಾದವರೂ ಆಸ್ಪತ್ರೆಯಲ್ಲಿದ್ದರು, ಕೆಲವರು ಹೋಗಿಬಿಟ್ಟಿದ್ದರು. ಆ ವರ್ಷದ ಜೂನ್‌ನಲ್ಲಿ ರಾಜ್ಯ ಸರ್ಕಾರ ಐನೂರಕ್ಕೂ ಹೆಚ್ಚು ಜನರ ಅಸ್ಥಿಯನ್ನು ಮಳವಳ್ಳಿ ತಾಲೂಕಿನ ಬೆಳಕವಾಡಿ ಬಳಿ ಕಾವೇರಿಯಲ್ಲಿ ಬಿಟ್ಟಿತು. ಪಿತೃಪಕ್ಷದಲ್ಲಿ ಶ್ರೀರಂಗಪಟ್ಟಣದ ಗೋಸಾಯಿ ಘಾಟ್‌ನಲ್ಲಿ ಅಂಥವರಿಗಾಗಿ ಪಿಂಡಪ್ರದಾನವೂ ನಡೆಯಿತು. ಸರ್ಕಾರ ಮಾಡುವ ಕೆಲಸಗಳಲ್ಲಿ ತಿಥಿ ಮಾಡುವುದು ಎಂಬುದೊಂದು ಇರುತ್ತದೆ ಎಂದು ಯಾರೂ ಅಂದುಕೊಂಡಿರಲಿಲ್ಲ. ಆದರೆ “ನನ್ನ ತಿಥಿ ಮಾಡೋರು ಯಾರು?” ಎಂಬ ಪ್ರಶ್ನೆಗೆ ಮನೆಯವರು ಇಲ್ಲದಿದ್ದರೆ ಊರು ಉತ್ತರ ಕೊಡಬೇಕು, ಊರಿಗೆ ಆಗದಿದ್ದರೆ ನಾಡು ಕೊಡಬೇಕು. ಅದು ಸರಿಯಾದ ಕೆಲಸ ಎಂದೇ ನಾನು ನಂಬುತ್ತೇನೆ.

ತಿಥಿಯ ಜೊತೆಗೇ ಹೇಳಬೇಕಾದ ಇನ್ನೊಂದು ಪದ ಅತಿಥಿ. ತಿಥಿ ನೋಡದೆ ಬರುವವನು ಅತಿಥಿ ಎಂಬುದು ಸಾಂಪ್ರದಾಯಿಕ ವಿವರಣೆ. ಅಲೆಯುತ್ತಾ ಬರುವವನು ಎಂಬರ್ಥದ ಧಾತುವಿನಿಂದ ಅದನ್ನು ಬಿಡಿಸುವವರೂ ಇದ್ದಾರೆ. ಮೊದಲ ವಿವರಣೆಯನ್ನು ಒಪ್ಪಿದರೆ ಒಂದು ಚಂದದ ಸಂಬಂಧ ಕಾಣುತ್ತದೆ. ಬದುಕಿರುವವರು ಯಾವ ದಿನ ಬೇಕಾದರೂ ಬರಬಹುದು, ಅವರು ಅತಿಥಿಗಳು. ಸತ್ತವರಿಗೆ ದಿನ ಗೊತ್ತು ಮಾಡಿದೆ. ಶ್ರಾದ್ಧದ ಹೊತ್ತಿಗೆ ಬಾಗಿಲಿಗೆ ಬಂದ ಅತಿಥಿಯನ್ನು ಹಿಂದಕ್ಕೆ ಕಳಿಸಬಾರದೆಂದು ಧರ್ಮಗ್ರಂಥಗಳು ಹೇಳಿವೆ. ತಿಥಿ ಇರುವವರಿಗೂ ಇಲ್ಲದವರಿಗೂ ಒಂದೇ ಒಲೆಯ ಅಡುಗೆ.

ಒಬ್ಬರ ತಿಥಿ ಎಷ್ಟು ಕಾಲ ಬಾಳುತ್ತದೆ? ಶ್ರಾದ್ಧದಲ್ಲಿ ಹೆಸರು ಹಿಡಿದು ಕರೆಯುವುದು ಮೂರು ತಲೆಯನ್ನು: ತಂದೆ, ಅಜ್ಜ, ಮುತ್ತಜ್ಜ. ಅದಕ್ಕೂ ಹಿಂದಿನವರು ಹಿರಿಯರ ಗುಂಪಿಗೆ ಸೇರಿಹೋಗುತ್ತಾರೆ. ಜಪಾನಿನ ಬೌದ್ಧ ಮನೆಗಳಲ್ಲಿ ಸಾಮಾನ್ಯವಾಗಿ ಮೂವತ್ತಮೂರನೇ ವರ್ಷದ, ಕೆಲವೆಡೆ ಐವತ್ತನೇ ವರ್ಷದ ಪೂಜೆ ಕೊನೆಯದು, ಆಮೇಲೆ ಸತ್ತವರು ಮನೆತನದ ಪೂರ್ವಜರಲ್ಲಿ ಒಂದಾಗುತ್ತಾರೆ. ಎರಡು ಲೆಕ್ಕಕ್ಕೂ ಹಿಂದೆ ಇರುವುದು ಒಂದೇ ಅಳತೆ. ಸತ್ತವರ ಮುಖ ನೋಡಿದವರು, ಇಲ್ಲವೇ ಮುಖ ನೋಡಿದವರಿಂದ ಕೇಳಿದವರು ಬದುಕಿರುವಷ್ಟು ಕಾಲ ಅವರಿಗೆ ತಮ್ಮದೇ ದಿನ.

ಈಗ ತಿಥಿಯನ್ನು ತಾರೀಖು ನುಂಗುತ್ತಿದೆ. ಗಾಂಧೀಜಿಯ ಪುಣ್ಯತಿಥಿ ಜನವರಿ 30, ಪುನೀತ್ ರಾಜ್‌ಕುಮಾರ್ ಅವರ ಸಮಾಧಿಗೆ ಅಭಿಮಾನಿಗಳು ಬರುವುದು ಅಕ್ಟೋಬರ್ 29ಕ್ಕೆ. ಅದರಲ್ಲಿ ತಪ್ಪೇನಿಲ್ಲ, ದಿನ ಉಳಿಯಿತಲ್ಲ. ಚಂದ್ರನ ಲೆಕ್ಕ ಹಿಡಿದವರಿಗೆ ಬೇರೆ ತೊಡಕುಗಳು. ತಿಥಿ ಬದಲಾಗುವ ಗಳಿಗೆ ಲೋಕಕ್ಕೆಲ್ಲ ಒಂದೇ, ಅಪರಾಹ್ನ ಮಾತ್ರ ಊರೂರಿಗೆ ಬೇರೆ. ಹಾಗಾಗಿ ಸ್ಯಾನ್‌ಹೊಸೆಯ ಅಣ್ಣ ಮಾಡುವ ದಿನಾಂಕವೂ ಬೆಂಗಳೂರಿನ ತಮ್ಮ ಮಾಡುವ ದಿನಾಂಕವೂ ಒಮ್ಮೊಮ್ಮೆ ಹೊಂದುವುದಿಲ್ಲ. ಫೋನಿನಲ್ಲಿ ಮಾತಾಡಿಕೊಂಡು ಇಬ್ಬರೂ ತಂತಮ್ಮ ಊರಿನ ಪಂಚಾಂಗದಂತೆ ನಡೆದುಕೊಳ್ಳುತ್ತಾರೆ. ಗಂಡುಮಕ್ಕಳೇ ಮಾಡಬೇಕೆಂಬ ಕಟ್ಟೂ ಸಡಿಲವಾಗುತ್ತಿದೆ. ಅಪ್ಪನ ಕಾರ್ಯಕ್ಕೆ ತಾವೇ ಕೂರುವ ಹೆಣ್ಣುಮಕ್ಕಳು ಇಂದು ಅಪರೂಪವಲ್ಲ. ಅಪ್ಪನ ದಿನ ನೆನಪಿಟ್ಟವಳಿಗೆ ಅದನ್ನು ಮಾಡುವ ಹಕ್ಕಿಲ್ಲ ಎನ್ನಲು ಯಾರಿಗೆ ಬಾಯಿ ಬಂದೀತು?

ಕರ್ಮಕಾಂಡದಲ್ಲಿ ನಂಬಿಕೆ ಇದ್ದವರು ಪಿಂಡ ಇಡಲಿ. ಇಲ್ಲದವರು ಅನಾಥಾಲಯದಲ್ಲಿ ಒಂದು ಹೊತ್ತಿನ ಊಟ ಹಾಕಿಸಲಿ, ಗಿಡ ನೆಡಲಿ, ಅಮ್ಮ ಮಾಡುತ್ತಿದ್ದ ಗೊಜ್ಜನ್ನು ಮಕ್ಕಳಿಗೆ ಮಾಡಿಹಾಕಿ ಇದು ನಿಮ್ಮಜ್ಜಿಯ ಕೈರುಚಿ ಎಂದು ಹೇಳಲಿ. ಹೇಗೆ ಮಾಡಬೇಕು ಎಂಬುದು ಅವರವರ ಮನೆಯ ಮಾತು. ದಿನವೊಂದು ಕೈಯಲ್ಲಿರಬೇಕು. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಅಜ್ಜನ ಜಮೀನಿನ ಸರ್ವೆ ನಂಬರು ಮೊಮ್ಮಕ್ಕಳಿಗೆ ಬಾಯಿಪಾಠ, ಅಜ್ಜಿ ತೀರಿಕೊಂಡ ತಿಥಿ ಗೊತ್ತಿಲ್ಲ. ಗೊತ್ತಿರುವ ದೊಡ್ಡಮ್ಮಂದಿರು, ಸೋದರಮಾವಂದಿರು ಇನ್ನೂ ಇದ್ದಾರೆ. ಅವರನ್ನು ಈಗಲೇ ಕೇಳಿ ಬರೆದಿಡಿ: ಸಂವತ್ಸರ, ಮಾಸ, ಪಕ್ಷ, ತಿಥಿ, ಪಕ್ಕದಲ್ಲಿ ಇಂಗ್ಲಿಷ್ ತಾರೀಖು. ಚಿಕ್ಕಬೆಟ್ಟದ ಕಲ್ಲಿನ ಮೇಲೂ ಸಂವತ್ಸರದಿಂದ ತಿಥಿಯವರೆಗಿನ ಈ ವಿವರವಿದೆ. ಅದು ರಾಜರಿಗೆ ಮಾತ್ರ ಸಲ್ಲಬೇಕಾದ ಮರ್ಯಾದೆಯಲ್ಲ, ನಮ್ಮನ್ನು ಸಾಕಿದ ಎಲ್ಲರಿಗೂ ಸಲ್ಲಬೇಕಾದದ್ದು.